ಉಗ್ರ ಖಂಡನೆಗೆ ಸಹಿ ಹಾಕಿದ ಟೈಪಿಸ್ಟಮ್ಮ

ಆ ಪರದೇಶಕ್ಕೆ ಈ ಊರಿನಲ್ಲಿ ರಾಯಭಾರ ಕಚೇರಿ ಎಂದು ಮೊದಲು ಇದ್ದದ್ದು ಹೊಲಿಗೆ ಯಂತ್ರದ ಅಂಗಡಿಯ ಮೇಲಿನ ಎರಡೇ ಕೋಣೆ. ಟೈಪಿಸ್ಟಮ್ಮ ಕೆಲಸಕ್ಕೆ ಸೇರಿದ್ದು ಅಲ್ಲಿಗೇ. ಆಮೇಲೆ ದೇಶ ದೊಡ್ಡದಾಯಿತೋ ಡೌಲು ದೊಡ್ಡದಾಯಿತೋ, ಬಂಗಲೆ ಬಂತು, ಬಾವುಟ ಬಂತು, ಒಬ್ಬರಾದ ಮೇಲೊಬ್ಬರು ಐದು ಜನ ರಾಯಭಾರಿಗಳು ಬಂದು ಹೋದರು. ಐವರ ಕಾಗುಣಿತವನ್ನೂ ತಿದ್ದಿದವಳು ಇವಳೇ.

ಅವಳು ಕೆಲಸಕ್ಕೆ ಸೇರಿದ ಹದಿನೆಂಟನೇ ವರ್ಷ ಅಲ್ಲಿನ ಸರ್ಕಾರವೂ ಇಲ್ಲಿನ ಸರ್ಕಾರವೂ ಮೀನಿನ ದೋಣಿಗಳ ವಿಷಯಕ್ಕೆ ಜುಟ್ಟು ಜುಟ್ಟು ಹಿಡಿದುಕೊಂಡವು. ಎರಡೇ ದಿನದಲ್ಲಿ ರಾಯಭಾರಿ ಗಂಟುಮೂಟೆ ಕಟ್ಟಿದರು, ಬಂಗಲೆಗೆ ಬೀಗ ಬಿತ್ತು. ಮೂರನೆಯ ದೇಶದ ಕಚೇರಿಯವರು ದೊಡ್ಡ ಮನಸ್ಸು ಮಾಡಿ, ಆ ದೇಶದ ಕಾಗದಪತ್ರ ನೋಡಿಕೊಳ್ಳಲು ತಮ್ಮ ಮೆಟ್ಟಿಲ ಕೆಳಗೆ ಒಂದು ಮೇಜು ಹಾಕಿಕೊಟ್ಟರು. ಉಸ್ತುವಾರಿಗೆ ಅವರ ಒಬ್ಬ ಅಧಿಕಾರಿ, ಟೈಪಿಗೆ ಇವಳು. ಅಧಿಕಾರಿ ಹಲ್ಲುನೋವೆಂದು ರಜೆ ಹಾಕಿದ ದಿನವೇ ಇಲ್ಲಿನ ವಿದೇಶಾಂಗ ಇಲಾಖೆಯಿಂದ ಫೋನು ಬಂತು.

"ಆ ದೇಶದ ಕಡೆಯವರು ಯಾರಿದ್ದೀರಿ?"

"ಸದ್ಯಕ್ಕೆ ನಾನೇ."

"ಸಂಜೆ ಐದರೊಳಗೆ ಬನ್ನಿ. ಉಗ್ರವಾಗಿ ಖಂಡಿಸಬೇಕಾಗಿದೆ."

ಬರುವುದು ತಡವಾಗುತ್ತದೆ ಎಂದು ಮನೆಗೆ ಫೋನು ಮಾಡಿದಳು. "ಬೈಸಿಕೊಳ್ಳೋಕೆ ಅಷ್ಟು ದೂರ ಯಾಕೆ ಹೋಗ್ತೀಯ? ಮನೇಲಿ ನಾನಿಲ್ವಾ?" ಎಂದರು ಅತ್ತೆ.

ಇಲಾಖೆಯ ಹಿರಿಯ ಅಧಿಕಾರಿ ಕುರ್ಚಿಯನ್ನೂ ಕೊಡದೆ ಎರಡು ಪುಟ ಓದಿದರು. ಮೊದಲ ಪುಟವನ್ನು ಅವಳು ತಲೆ ತಗ್ಗಿಸಿಕೊಂಡು ಕೇಳಿದಳು. ಎರಡನೆಯದಕ್ಕೆ ಬರುವಷ್ಟರಲ್ಲಿ ಕಾಲು ನೋಯತೊಡಗಿ ಸಿಟ್ಟೇ ಬಂತು.

"ಇದಕ್ಕೆ ನಿಮ್ಮ ಉತ್ತರ?"

"ಸಾರ್, ನಾನು ಈ ಊರಿನವಳೇ. ಓಟು ಹಾಕೋದೂ ಇಲ್ಲೇ. ಹಾಗಾದ್ರೆ ನೀವು ಇಷ್ಟೊತ್ತು ಬೈದದ್ದು ಯಾರಿಗೆ?"

ಅಧಿಕಾರಿ ಪೆಚ್ಚಾಗಿ ಕುರ್ಚಿ ತೋರಿಸಿದರು. "ಅಮ್ಮಾ, ಕಾಗದ ತಲುಪಿದೆ ಅಂತ ಒಂದು ಸಹಿ ಹಾಕಿಬಿಡಿ. ಮೇಲಿನವರು ನನ್ನ ಜೀವ ತಿಂತಾರೆ."

"ಹಾಕ್ತೀನಿ. ಆದ್ರೆ 'ಸಾರ್ವಭೌಮ'ದಲ್ಲಿ ಮಹಾಪ್ರಾಣವೇ ಹೋಗಿದೆ. ಹೀಗೇ ಕಳಿಸಿದ್ರೆ ಅಲ್ಲಿ ನಗ್ತಾರೆ."

ಅವರದೇ ಯಂತ್ರದಲ್ಲಿ ಕೂತು ಪುನಃ ಟೈಪು ಮಾಡಿದಳು. ಕೈಗೆ ಸಿಕ್ಕಿದ್ದೇ ಸಿಕ್ಕಿದ್ದು, ಒಂದಿಷ್ಟು ಖಾರವನ್ನೂ ಇಳಿಸಿದಳು. "ನಾಚಿಕೆಗೆಟ್ಟ" ಎಂದಿದ್ದದ್ದು "ವಿಷಾದಕರ" ಆಯಿತು. ಅಧಿಕಾರಿ ಓದುವ ಗೋಜಿಗೇ ಹೋಗದೆ ಮುದ್ರೆ ಒತ್ತಿದರು. ಅವಳೂ ಸಹಿ ಹಾಕಿದಳು.

ಮೂರು ವಾರಕ್ಕೆ ಆ ದೇಶದಿಂದ ಉತ್ತರ ಬಂತು: ಇಷ್ಟು ಮರ್ಯಾದೆಯ ಕಾಗದ ಬಂದ ಮೇಲೆ ಮಾತುಕತೆಗೆ ನಾವೂ ಸಿದ್ಧ. ವರ್ಷದೊಳಗೆ ಬಂಗಲೆಯ ಬೀಗ ತೆಗೆದರು. ಇದೆಲ್ಲ ಉಭಯ ದೇಶಗಳ ಮುತ್ಸದ್ದಿಗಳ ದೂರದೃಷ್ಟಿಯ ಫಲ ಎಂದು ಹೊಸ ರಾಯಭಾರಿ ಭಾಷಣ ಬಿಗಿದರು. ಆ ಭಾಷಣ ಟೈಪಿಸಿದ್ದೂ ಇವಳೇ. ಕೊನೆಯ ಸಾಲಿನಲ್ಲಿ ಕೂತು ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದಳು. ಪಕ್ಕದಲ್ಲಿದ್ದ ಡ್ರೈವರು, "ಅಷ್ಟು ಚೆನ್ನಾಗಿತ್ತಾ ಅಕ್ಕಾ?" ಎಂದು ಕೇಳಿದ. "ಚೆನ್ನಾಗಿಲ್ದೆ ಏನು?" ಎಂದಳು.