ಡ್ರಿಪ್ ಕುರ್ಚಿಯಲ್ಲಿ ಮುಗಿದ ಕೋಟು

ಟೈಲರ್ ಮಾಸ್ಟ್ರ ಹೃದಯ ದುರ್ಬಲವಾಗಿದೆ ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಗುಳಿಗೆ ನುಂಗುವುದು, ಉಪ್ಪು ಕಡಿಮೆ ಮಾಡುವುದು, ದಿನಾ ಬೆಳಿಗ್ಗೆ ತೂಕ ನೋಡಿ, ಏರಿದ್ದರೆ ಹೃದಯದ ಕ್ಲಿನಿಕ್ಕಿಗೆ ಫೋನ್ ಮಾಡುವುದು, ಇಷ್ಟೇ ಅವರ ಪಾಲಿನ ಕೆಲಸ. ಗುಳಿಗೆಯ ಬಗ್ಗೆ ತಕರಾರಿರಲಿಲ್ಲ. ತೂಕದ ಯಂತ್ರ ಮಾತ್ರ ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು. ಊರವರ ಮೈಯನ್ನೆಲ್ಲ ಟೇಪಿನಲ್ಲಿ ಅಳೆದವರು ತಮ್ಮ ಮೈ ತಿಳಿಯಲು ಯಂತ್ರ ಹತ್ತಬೇಕೇ ಎಂಬ ಜಂಬ.

ಆ ತಿಂಗಳು ಪ್ಯಾಂಟು ಸೊಂಟದಲ್ಲಿ ಬಿಗಿಯಾಯಿತು. ಬೇರೆಯವರಾಗಿದ್ದರೆ ಗಾಬರಿಯಾಗುತ್ತಿದ್ದರು. ಮಾಸ್ಟ್ರು ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲ ಮಾಡಿಕೊಂಡರು. ಮುಂದಿನ ವಾರ ಇನ್ನರ್ಧ ಇಂಚು. ಅಂತೂ ಗಂಡ ಮೈಕೈ ತುಂಬಿಕೊಂಡರೆಂದು ಹೆಂಡತಿಗೆ ಹಿಗ್ಗೋ ಹಿಗ್ಗು. ಮಾಸ್ಟ್ರ ಹಿಗ್ಗಿಗೆ ಬೇರೆಯೇ ಕಾರಣವಿತ್ತು. ವಕೀಲೆಯಾದ ಮಗಳು ಸೋಮವಾರ ಮೊದಲ ಸಲ ಕೋರ್ಟಿಗೆ ಹೋಗುವವಳಿದ್ದಳು. ಅವಳ ಕಪ್ಪು ಕೋಟಿನ ಮಿಷನ್ ಕೆಲಸ ಮುಗಿದು ಕೈಹೊಲಿಗೆ ಬಾಕಿಯಿತ್ತು. ಟೈಲರನ ಮಗಳು ರೆಡಿಮೇಡ್ ಕೋಟು ತೊಟ್ಟರೆ ಅಪ್ಪ ತಲೆ ಎತ್ತಿ ತಿರುಗುವುದುಂಟೇ?

ಗುರುವಾರದ ತಪಾಸಣೆಯಲ್ಲಿ ಕ್ಲಿನಿಕ್ಕಿನ ಸಿಸ್ಟರ್ ಮಾಸ್ಟ್ರ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬಿದ್ದ ಗುಳಿ ಹಾಗೇ ಉಳಿಯಿತು. ಆಮೇಲೆ ಪ್ಯಾಂಟಿನ ಸೊಂಟದ ಹೊಸ ಹೊಲಿಗೆ ಸಿಸ್ಟರ್ ಕಣ್ಣಿಗೆ ಬಿತ್ತು.

"ಮಾಸ್ಟ್ರೇ, ಇದು ಮೈ ಬಂದಿರೋದಲ್ಲ, ನೀರು ತುಂಬಿರೋದು. ನೀವು ನೋಡಿದ್ರೆ ಅದಕ್ಕೆ ಜಾಗ ಮಾಡ್ಕೊಡ್ತಾ ಕೂತಿದ್ದೀರಿ."

ಆಸ್ಪತ್ರೆಗೆ ಸೇರಿಸೋಣವೇ ಎಂದು ಡಾಕ್ಟರು ಕೇಳಿದಾಗ ಮಾಸ್ಟ್ರ ಜೀವ ಬಾಯಿಗೆ ಬಂತು. ಸೇರಿದರೆ ಕೋಟಿನ ಕಥೆ ಮುಗಿದಂತೆಯೇ. ಸಿಸ್ಟರೇ ದಾರಿ ಹುಡುಕಿದರು: ಎರಡು ದಿನ ಬೆಳಿಗ್ಗೆ ಬಂದು, ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ನೀರಿಳಿಸುವ ಔಷಧಿಯ ಡ್ರಿಪ್ ಹಾಕಿಸಿಕೊಂಡು, ಸಂಜೆ ಮನೆಗೆ ಹೋಗಬಹುದು. ಶನಿವಾರವೂ ತೂಕ ಇಳಿಯದಿದ್ದರೆ ಮಾತ್ರ ದಾಖಲಾಗಲೇಬೇಕು.

ಶುಕ್ರವಾರ ಮಾಸ್ಟ್ರು ಕೋಟನ್ನೂ ಹೊತ್ತು ತಂದರು. ಎಡಗೈಯಲ್ಲಿ ಡ್ರಿಪ್ಪು, ಬಲಗೈಯಲ್ಲಿ ಸೂಜಿ. ಗುಂಡಿಯ ಒಂದು ಕಾಜಾ ಮುಗಿಯುವಷ್ಟರಲ್ಲಿ ಔಷಧಿ ಎರಡು ಸಲ ಟಾಯ್ಲೆಟ್ಟಿಗೆ ಓಡಿಸುತ್ತಿತ್ತು. ಎದ್ದಾಗಲೆಲ್ಲ ಪಕ್ಕದ ಕುರ್ಚಿಯ ರಿಟೈರ್ಡ್ ಬಸ್ ಡ್ರೈವರು ಕೋಟನ್ನು ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು. ಅವರದೂ ಅದೇ ಕಾಯಿಲೆ, ಅದೇ ಓಟ. ಇಬ್ಬರಿಗೂ ಒಟ್ಟಿಗೆ ಅವಸರವಾದರೆ ಕೋಟು ಸಿಸ್ಟರ್ ಹೆಗಲೇರುತ್ತಿತ್ತು. ನಕ್ಕು ನಕ್ಕು ಎಲ್ಲರಿಗೂ ಹೊಟ್ಟೆ ಹುಣ್ಣಾಯಿತು.

ಶನಿವಾರ ಸಂಜೆ ಕೊನೆಯ ಗುಂಡಿ ಕೂತಿತು. ಮಾಸ್ಟ್ರು ಯಾರೂ ಹೇಳದೆಯೇ ತೂಕದ ಯಂತ್ರ ಹತ್ತಿ ಉಸಿರು ಬಿಗಿಹಿಡಿದು ನಿಂತರು. ಉಸಿರು ಹಿಡಿದರೆ ತೂಕ ಕಮ್ಮಿಯಾಗುವುದಿಲ್ಲ ಎಂದರು ಸಿಸ್ಟರ್. ತೂಕ ಇಳಿದಿತ್ತು. ಮಾಸ್ಟ್ರು ಕೋಟಿನೊಂದಿಗೆ ಮನೆಗೇ ಹೋದರು.

ಸೋಮವಾರ ರಕ್ತಪರೀಕ್ಷೆಗೆಂದು ಮತ್ತೆ ಕ್ಲಿನಿಕ್ಕಿನಲ್ಲಿದ್ದಾಗ ಮಗಳು ಕೋರ್ಟಿನಿಂದ ನೇರ ಅಲ್ಲಿಗೇ ಬಂದಳು. ಕೋಟು ಮೈಗೆ ಅಚ್ಚುಕಟ್ಟಾಗಿ ಕೂತಿತ್ತು. ಅದೇ ಪರೀಕ್ಷೆಗೆ ಬಂದಿದ್ದ ಡ್ರೈವರು ಎದ್ದು ನಿಂತು ನೋಡಿದರು.

"ನನ್ನ ಹೆಸರು ಕೂಗಿದಾಗ ಭಯ ಆಯ್ತಪ್ಪ. ಕಾಲರ್ ಮುಟ್ಕೊಂಡೆ. ನೀನು ಪಕ್ಕದಲ್ಲೇ ಇದ್ದ ಹಾಗಾಯ್ತು."

ಮಾಸ್ಟ್ರ ಕಣ್ಣಿಂದ ನೀರು ದಳದಳನೆ ಇಳಿಯಿತು. ಮಗಳು ಗಾಬರಿಯಾಗಿ ಕರವಸ್ತ್ರ ಹುಡುಕುತ್ತಿದ್ದರೆ ಸಿಸ್ಟರ್ ತಡೆದರು.

"ಅಳ್ಲಿ ಬಿಡಮ್ಮ. ನೀರು ಎಷ್ಟು ಹೊರಗೆ ಹೋದ್ರೆ ಅಷ್ಟು ಒಳ್ಳೇದು."