ಅಪ್ಪ ತಂದ ಹಸಿರು ಸೀರೆ

ಇವತ್ತು ಜೇವರ್ಗಿಯ ಕಣ್ಣಿನ ಡಾಕ್ಟರು ಮಗನ ಕೈಗೆ ಬಣ್ಣದ ಚುಕ್ಕೆಗಳ ಹಾಳೆ ಕೊಟ್ಟರು. ಕೆಂಪು ಚುಕ್ಕೆಗಳ ನಡುವೆ ನನಗೆ ಎದ್ದು ಕಾಣುತ್ತಿದ್ದ ಹಸಿರು ಎಂಟರ ಅಂಕಿ ಅವನಿಗೆ ಕಾಣಲೇ ಇಲ್ಲ.

"ಕೆಂಪು, ಹಸಿರು ಇವನ ಕಣ್ಣಿಗೆ ಬ್ಯಾರೆ ಬ್ಯಾರೆ ಕಾಣಂಗಿಲ್ರಿ. ಇದು ತಾಯಿ ಕಡಿಂದ ಬರ್ತದ. ನಿಮ್ಮ ತಂದಿಯವ್ರಿಗೂ ಹಿಂಗ ಇತ್ತೇನ್ರಿ?"

ಕರಜಗಿಯ ನಮ್ಮ ತವರುಮನೆಯ ಪಡಸಾಲೆ ಕಣ್ಣಮುಂದೆ ಬಂತು. ಅವತ್ತು ಅಕ್ಕನ ಕುಬಸ, ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ದಿನ. ಸೀರೆಯನ್ನು ಅಪ್ಪ ತಾನೇ ಆರಿಸಿ ತಂದಿದ್ದ. ಗಂಜಿಯ ವಾಸನೆ ಇನ್ನೂ ಆರದ ಆ ಸೀರೆಯನ್ನು ಸೋದರತ್ತೆ ಬಿಚ್ಚಿದಳು. ಅದು ಬೆಲ್ಲದ ಬಣ್ಣದ್ದು.

"ಯಣ್ಣಾ, ಹಸರ್ ಸೀರಿ ತಾ ಅಂದ್ರ ಇದೇನ್ ತಂದೀಯೋ?"

ಹೆಂಗಸರೆಲ್ಲ ನಕ್ಕರು. ಅಪ್ಪ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು, ತಿರುವಿ ಮುರುವಿ ನೋಡಿ, ನನ್ನ ಕಡೆ ತಿರುಗಿದ.

"ಹಸರೇ ಅದ ಅಲ್ಲೇನವಾ? ನೀನರ ಹೇಳು."

ನಾಚಿಕೆಗೆ ನನ್ನ ಕಿವಿ ಬಿಸಿಯಾದವು. ಇವನು ಯಾರದೋ ಅಪ್ಪ ಎಂಬಂತೆ ತಲೆ ತಗ್ಗಿಸಿ ಕೂತೆ. ಆಮೇಲೆ ಅಪ್ಪ ಎಂದೂ ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಡಾಕ್ಟರು ಮತ್ತೆ ಕೇಳಿದರು. ಪಕ್ಕದಲ್ಲಿ ಗಂಡ, ಮಾವ ಕೂತಿದ್ದರು.

"ನಮ್ಮಪ್ಪಗ ಹಂಗೇನೂ ಇರ್ಲಿಲ್ರಿ," ಅಂದೆ.

ಮಗ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುವಿ ಮುರುವಿ ನೋಡುತ್ತಿದ್ದ.