ನಾಲ್ಕನೆಯ ಅಂಕೆ

ನನ್ನ ನೆರೆಯವರು ಲೋಹಶೋಧಕ ಯಂತ್ರವನ್ನು ಕೊಂಡು ತಂದದ್ದು ಕಳೆದ ಯುಗಾದಿಯ ಮರುದಿನ ಎಂದು ನಾನು ಬಹಳ ಕಾಲ ಹೇಳುತ್ತಿದ್ದೆ. ದಿನಚರಿ ತೆಗೆದು ನೋಡಿದರೆ ಅದು ಹಬ್ಬದ ಹಿಂದಿನ ದಿನ. ಹಬ್ಬದ ಮರುದಿನ ಅವರಿಗೆ ಮೊದಲ ನಾಣ್ಯ ಸಿಕ್ಕಿತ್ತು. ನನ್ನ ನೆನಪಿನಲ್ಲಿ ಉರಿಯುತ್ತ ಉಳಿದದ್ದು ಆ ದಿನವೇ.

ಅವರು ಲೈನ್‌ಮನ್ ಆಗಿ ನಿವೃತ್ತರಾದವರು, ಮೂಲತಃ ಬಬಲೇಶ್ವರದವರು. ನಾನು ಆದಿಲಶಾಹಿ ನಾಣ್ಯಗಳ ಮೇಲಿನ ಪಾರಸಿ ಅಕ್ಷರಗಳನ್ನು ಓದುತ್ತ ಮೂರು ದಶಕ ಕಳೆದವನು. ಆದರೆ ನಾನು ಓದಿದ್ದೆಲ್ಲ ಬೇರೆಯವರು ಹೆಕ್ಕಿ ಕೊಟ್ಟದ್ದು. ನನ್ನ ಕೈಯಾರೆ ಮಣ್ಣಿನಿಂದ ಒಂದು ಬಿಲ್ಲೆಯೂ ಎದ್ದು ಬಂದಿರಲಿಲ್ಲ. ಅವರಿಗೆ ಜಲನಗರದ ನಮ್ಮ ಓಣಿಯ ತುದಿಯ ಉದ್ಯಾನದಲ್ಲಿ, ಮಕ್ಕಳ ಜಾರುಬಂಡೆಯ ಹಿಂದೆ, ಅರ್ಧ ತಾಸಿನೊಳಗೆ ಸಿಕ್ಕಿತು.

ಮಳೆಗಾಲದಲ್ಲಿ ಅದೇ ಹುಲ್ಲಿನಲ್ಲಿ ಮಹಿಳೆಯೊಬ್ಬರು ಕಳೆದುಕೊಂಡಿದ್ದ ಬಂಗಾರದ ಝುಮಕಿಯನ್ನೂ ಅವರು ಹುಡುಕಿಕೊಟ್ಟರು. ಅಂದಿನಿಂದ ಓಣಿಗೆಲ್ಲ ಅವರು 'ಮಷೀನ್ ಕಾಕಾ' ಆದರು. ನನ್ನ ಹೆಂಡತಿ ಚಹಾದ ಕಪ್ಪು ಕೈಗಿಡುತ್ತ ಹೇಳಿದಳು:

"ನೀವು ಮೂವತ್ತು ವರ್ಷ ಕಾಗದ ಅಗದ್ರಿ, ಒಂದ ದಮ್ಮಡಿ ಕಂಡ್ರೇನು? ಕಾಕಾರ್ನ ನೋಡ್ರಿ, ವಾಕಿಂಗ್ ಹೋದವ್ರು ಬಂಗಾರ ಹಿಡ್ಕೊಂಡ ಬರ್ತಾರ."

"ಅದು ಸಂಶೋಧನಾ ಅಲ್ಲ."

"ಹೌದ ಬಿಡ್ರಿ, ಸಂಶೋಧನಾ ಅಂದ್ರ ಏನೂ ಸಿಗಬಾರ್ದು."

ಸಮಾಧಾನಕ್ಕಾಗಿ ನಾನೊಂದು ಪುರಾವೆ ಹುಡುಕಿದೆ. ಉದ್ಯಾನದ ಮಣ್ಣು ಉದ್ಯಾನದ್ದಲ್ಲ. ತಿಕೋಟಾ ಕಡೆಯಿಂದ ಟಿಪ್ಪರುಗಳಲ್ಲಿ ತಂದು ಹಾಸಿದ್ದೆಂದು ಮಾಲಿ ಹೇಳಿದ, ಗುತ್ತಿಗೆದಾರನೂ ಅದನ್ನೇ ಹೇಳಿದ. ಎಂದರೆ ಅಲ್ಲಿ ಸಿಕ್ಕ ಯಾವ ನಾಣ್ಯಕ್ಕೂ ಸ್ಥಳದ ಸಾಕ್ಷ್ಯವಿಲ್ಲ. ಇದನ್ನು ನೆರೆಯವರಿಗೆ ಗಂಭೀರವಾಗಿ ತಿಳಿಸಿದೆ. ಅವರು ನಕ್ಕರು: "ಹೌದ್ರಿ ಸರ್ರ? ಹಂಗಾರ ತಿಕೋಟಾಕ್ಕ ಹೋಗೂದು ಉಳೀತು ಬಿಡ್ರಿ!"

ಸಿಕ್ಕ ಪ್ರತಿಯೊಂದು ನಾಣ್ಯವನ್ನೂ ಅವರು ಮೊದಲು ಬಬಲೇಶ್ವರದ ಮನೆಯ ದೇವರ ಜಗಲಿಯ ಮೇಲಿಟ್ಟು, ಆಮೇಲೆ ನನಗೆ ತಂದು ತೋರಿಸುತ್ತಿದ್ದರು. ಜಗಲಿ ಏರುವ ತಾಮ್ರವನ್ನು ತಿಕ್ಕದೆ ಇಡಬಾರದೆಂಬುದು ಅವರ ಮನೆಯ ಪದ್ಧತಿ, ನಮ್ಮ ಮನೆಯದೂ ಹೌದು. ಅಲ್ಲಿರುವ ಅವರ ತಾಯಿ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದರು. ತಂಬಿಗೆಗೆ ಒಪ್ಪುವ ಈ ಉಪಚಾರ ಶತಮಾನಗಳ ಕಾಲ ಮಣ್ಣಿನಲ್ಲಿದ್ದ ನಾಣ್ಯದ ಅಕ್ಷರಗಳನ್ನು ತಿಂದುಬಿಡುತ್ತದೆ. ಮೊದಲ ಬಿಲ್ಲೆ ಬೋಳಾಗಿ ಹೊಳೆಯುತ್ತ ಬಂದ ದಿನವೇ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. "ಏನೂ ಓದಾಕ ಬರೂದಿಲ್ಲ" ಎಂದು ಹಿಂದಿರುಗಿಸುವಾಗ ನನ್ನ ನಾಲಿಗೆಯ ಮೇಲೆ ಬೆಲ್ಲವಿತ್ತು. ಹೀಗೆ ಏಳು ಸಲ.

ನಾನು ಬರೆದದ್ದರಲ್ಲಿ ಹೆಸರು ತಂದ ಲೇಖನ ಒಂದೇ. ಒಂದು ಬಗೆಯ ಸಣ್ಣ ತಾಮ್ರದ ನಾಣ್ಯವನ್ನು ಟಂಕಿಸಿದ್ದು ತಂದೆ ಸುಲ್ತಾನನ ಕೊನೆಯ ವರ್ಷಗಳಲ್ಲಿ ಎಂಬುದು ಅದರ ವಾದ. ಮಗ ಪಟ್ಟಕ್ಕೆ ಬಂದ ಮೇಲೆ ಎಂಬುದು ಉಳಿದವರ ಮತ. ಹೊಡೆಯುವ ಅಚ್ಚಿಗಿಂತ ತಾಮ್ರದ ಬಿಲ್ಲೆ ಚಿಕ್ಕದಾದ್ದರಿಂದ ನಾನು ಕಂಡ ಎಲ್ಲ ಮಾದರಿಗಳಲ್ಲೂ ಅಂಚಿನ ಹಿಜರಿ ವರ್ಷ ಮೂಡದೆ ಹೊರಗೇ ಉಳಿದಿತ್ತು.

ಕಾರ್ತಿಕದ ಒಂದು ಭಾನುವಾರ ಅವರು ಉದ್ಯಾನದಿಂದಲೇ ಮೊಬೈಲಿಗೆ ಚಿತ್ರವೊಂದನ್ನು ಕಳಿಸಿದರು. ಕಳಿಸಿದ್ದು ಬೆಳಗಿನ ಏಳೂ ಹತ್ತಕ್ಕೆ, ನಾನು ತೆರೆದದ್ದು ಹನ್ನೊಂದೂವರೆಗೆ. ಬೇಕೆಂದೇ ತೆರೆದಿರಲಿಲ್ಲ. ಅಂಗೈಯ ಮೇಲೆ ಮಣ್ಣು ಮೆತ್ತಿದ ಅದೇ ಬಗೆಯ ನಾಣ್ಯ, ಅಂಚಿನಲ್ಲಿ ವರ್ಷ! ಮೂರು ಅಂಕೆಗಳು ಸ್ಪಷ್ಟ, ನಾಲ್ಕನೆಯದನ್ನು ಹಸಿ ಮಣ್ಣು ಮುಚ್ಚಿತ್ತು. ತಂದೆಯ ಕೊನೆ, ಮಗನ ಮೊದಲು, ಎರಡೂ ಅದೇ ದಶಕದಲ್ಲಿ. ಆ ಒಂದು ಅಂಕೆಯೇ ತೀರ್ಪು.

ಫೋನು ಮಾಡಿದೆ, ಎತ್ತಲಿಲ್ಲ. ಸ್ಕೂಟರ್ ಮೇಲೆ ಬಬಲೇಶ್ವರಕ್ಕೆ ಹೋದರೆಂದು ಅವರ ಮನೆಯಲ್ಲಿ ಹೇಳಿದರು. ನಾನು ಬಸ್ಸು ಹಿಡಿದೆ.

ತಾಯಿ ದೇವರ ಜಗಲಿಯ ಮುಂದೆಯೇ ಕೂತಿದ್ದರು. "ಬರ್ರಿ ಸಾಹೇಬ್ರ, ಹ್ಯಾಂಗ ಬಂಗಾರಧಾಂಗ ಆಗೈತಿ ನೋಡ್ರಿ! ಭಾಳ ಹಟಮಾರಿ ಇತ್ತು ಇದು, ಎರಡ ಸಲ ತಿಕ್ಕೇನಿ."

ಭೂತಗನ್ನಡಿ ಹಿಡಿದೆ. ಮೂರು ಅಂಕೆಗಳ ನೆರಳು ಉಳಿದಿತ್ತು. ನಾಲ್ಕನೆಯದರ ಜಾಗ ನುಣುಪು.

"ತಿಕ್ಕಬಾರದಿತ್ರಿ. ಹುಣಸಿಹಣ್ಣು ಅಕ್ಷರಾ ತಿಂತೈತಿ."

ನೆರೆಯವರು ನನ್ನ ಕಡೆ ತಿರುಗಿದರು. "ಸರ್ರ, ಏಳು ನಾಣ್ಯ ತೋರ್ಸೇನಿ ನಿಮಗ. ಒಂದ ಸಲಾನೂ ಹೇಳಲಿಲ್ಲಲ್ರಿ?"

ಮರೆತೆನೆಂದು ಹೇಳಬಹುದಿತ್ತು. "ಗೊತ್ತಿತ್ರಿ. ಹೊಟ್ಟಿಕಿಚ್ಚಿಗೆ ಹೇಳಲಿಲ್ಲ" ಎಂದೆ.

"ಯಪ್ಪಾ! ಇಷ್ಟ ಓದಿದವ್ರಿಗೂ ಇರತೈತೇನ್ರಿ ಅದು?" ಎಂದರು ತಾಯಿ, ನಿಜವಾಗಿಯೂ ಬೆರಗಾಗಿ.

ನೆರೆಯವರು ನಾಣ್ಯವನ್ನು ನನ್ನ ಕೈಯಿಂದ ತೆಗೆದುಕೊಂಡು ಜಗಲಿಯ ಮೇಲಿಟ್ಟರು. ಆಮೇಲೆ, "ಬೇ, ಸರ್ರಿಗೆ ಚಾ ಇಡು" ಎಂದು ತಾಯಿಗೆ ಹೇಳಿ, ನನ್ನ ಎದುರು ಬಂದು ಕೂತರು. "ಇನ್ನೊಂದು ಸಿಗತೈತಿ ಬಿಡ್ರಿ. ಈ ಸಲ ಮಣ್ಣ ಸಮೇತ ತಂದು ನಿಮ್ಮ ಕೈಯಾಗ ಇಡ್ತೇನಿ."

ವರ್ಷ ಉಳಿದ ಅಂಥ ನಾಣ್ಯ ಇನ್ನೊಂದು ಸಿಗುವುದು ಎಷ್ಟು ದುರ್ಲಭವೆಂದು ಅವರಿಗೆ ತಿಳಿಯದು, ನನಗೆ ತಿಳಿದಿದೆ. ಆದರೂ ಸಿಗುತ್ತದೆಂದು ಅಷ್ಟು ಸಲೀಸಾಗಿ ಹೇಳಿದ ಆ ಬಾಯಿಯನ್ನು ಕಂಡು, ಅವರದೇ ಮನೆಯ ಚಹಾ ಕುಡಿಯುತ್ತ, ನಾನು ಮತ್ತೆ ಕರುಬಿದೆ.